ಎಣಿಕೆಗೆ ಸಿಗದ ನಾಯಿ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಬಂಟ್ವಾಳ ತಾಲೂಕಿನ ಮಾಣಿಯಲ್ಲಿ ಕವಲೊಡೆಯುತ್ತದೆ. ನೇರ ದಾರಿ ಉಪ್ಪಿನಂಗಡಿ, ಶಿರಾಡಿ ಘಾಟಿಯತ್ತ ಸಾಗಿದರೆ, 275 ಎಂಬ ಸಂಖ್ಯೆಯ ಇನ್ನೊಂದು ಹೆದ್ದಾರಿ ಇಲ್ಲಿಂದಲೇ ಹೊರಟು ಪುತ್ತೂರು, ಸುಳ್ಯ, ಮಡಿಕೇರಿಗಳನ್ನು ದಾಟಿ ಮೈಸೂರಿನತ್ತ ಹೋಗುತ್ತದೆ. ಎರಡು ದಾರಿ ಕೂಡುವಲ್ಲಿ ಹೋಟೆಲು, ಕೋಳಿ ಅಂಗಡಿ, ಹಸಿಮೀನಿನ ವ್ಯಾಪಾರ, ಬಸ್ಸು ಕಾಯುವ ಜನ ಸೇರುವುದು ಸಹಜ. ಇವೆಲ್ಲ ಸೇರಿದಲ್ಲಿ ನಾಯಿಗಳೂ ಸೇರುತ್ತವೆ. ಪೇಟೆ ಬಿಟ್ಟು ಬುಡೋಳಿ, ಸೂರಿಕುಮೇರು, ನೇರಳಕಟ್ಟೆಯ ಕಡೆಗೆ ಸ್ವಲ್ಪ ಒಳಗೆ ಹೋದರೆ ನೋಟವೇ ಬೇರೆ. ಅಡಿಕೆ ತೋಟಗಳ ನಡುವೆ ಒಂಟಿ ಒಂಟಿ ಮನೆಗಳು, ಹಲವು ಮನೆಗಳ ಅಂಗಳದ ಬದಿಯಲ್ಲಿ ಕೆಂಪುಕಲ್ಲಿನಲ್ಲಿ ಕಟ್ಟಿ ಕಬ್ಬಿಣದ ಬಾಗಿಲಿಟ್ಟ ನಾಯಿಗೂಡು. ಹಗಲು ಗೂಡಿನಲ್ಲೋ ಸರಪಳಿಯಲ್ಲೋ ಇರುವ ನಾಯಿಯನ್ನು ಕತ್ತಲಾದ ಮೇಲೆ ಬಿಡುತ್ತಾರೆ. ತೋಟಕ್ಕೆ ನುಗ್ಗುವ ಹಂದಿಯನ್ನು ಓಡಿಸುವುದು, ಅಂಗಳದಲ್ಲಿ ಒಣಗುವ ಅಡಿಕೆಯನ್ನು ಕಾಯುವುದು ಅದರ ಕೆಲಸ.

ಹೀಗೆ ತೋಟದ ಮನೆಯ ನಾಯಿಯದು ಎರಡು ಪಾಳಿಯ ಬದುಕು. ಹಗಲಿನಲ್ಲಿ ಅದಕ್ಕೆ ಯಜಮಾನನಿದ್ದಾನೆ, ಹೆಸರಿದೆ, ಗಂಜಿ ಮತ್ತು ಮೀನಿನ ತಲೆಯ ಊಟವಿದೆ. ರಾತ್ರಿ ಅದು ನೆರೆಯ ತೋಟ, ತೋಡಿನ ಬದಿ, ಒಮ್ಮೊಮ್ಮೆ ಪೇಟೆಯವರೆಗೂ ತಿರುಗಿ ಬೆಳಗಿನ ಜಾವ ಮರಳುತ್ತದೆ. ಚಿರತೆ ಓಡಾಡುವ ಗುಡ್ಡದ ಬದಿಯಾದರೆ ಮರಳದೆ ಇರುವುದೂ ಉಂಟು. ಪೇಟೆಯ ನಾಯಿ ಕಾಗದದ ಮೇಲೆ ಯಾರದ್ದೂ ಅಲ್ಲವಾದರೂ ಇಂಥ ಹೋಟೆಲಿನ ಹಿಂಬದಿ, ಇಂಥ ರಿಕ್ಷಾ ನಿಲ್ದಾಣ ಎಂಬ ಖಾಯಂ ವಿಳಾಸ ಅದಕ್ಕಿದೆ. ರೋಗಶಾಸ್ತ್ರದ ಪ್ರಕಾರ ಇವೆರಡೂ ಒಂದೇ ಗುಂಪು, ಏಕೆಂದರೆ ಕತ್ತಲಲ್ಲಿ ಅವು ಸಂಧಿಸುತ್ತವೆ, ಕಚ್ಚಾಡುತ್ತವೆ, ಬೆದೆಗೂಡುತ್ತವೆ. ಆಡಳಿತದ ಕಡತದಲ್ಲಿ ಮಾತ್ರ ಒಂದು ಸಾಕುನಾಯಿ, ಇನ್ನೊಂದು ಬೀದಿನಾಯಿ. ನಾಯಿಯ ಲೈಸೆನ್ಸು, ಅದರ ಶುಲ್ಕ, ಅದಕ್ಕೆ ಸಂಬಂಧಿಸಿದ ನಿಯಮಗಳೆಲ್ಲ ಈ ಕಡತಕ್ಕೂ ಆ ಕತ್ತಲಿಗೂ ನಂಟು ಬೆಸೆಯುವ ಪ್ರಯತ್ನಗಳು. ಆ ಪ್ರಯತ್ನ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದಕ್ಕೆ ಕಾನೂನಿಗಿಂತ ಹೆಚ್ಚು ಸ್ಪಷ್ಟವಾದ ಉತ್ತರ ಗಣಿತದಲ್ಲಿದೆ.

ಮೊದಲು ಕಾನೂನು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯು ‘ಸ್ಥಳೀಯ ಪ್ರಾಧಿಕಾರ’ವನ್ನು ವ್ಯಾಖ್ಯಾನಿಸುವಾಗ ಪುರಸಭೆ, ಜಿಲ್ಲಾ ಮಂಡಳಿಗಳ ಜೊತೆಗೆ, ಒಂದು ಪ್ರದೇಶದ ಆಡಳಿತವನ್ನು ಕಾನೂನಿನ ಮೂಲಕ ಪಡೆದ ಇತರ ಸಂಸ್ಥೆಗಳನ್ನೂ ಸೇರಿಸಿಕೊಂಡಿದೆ. ಹಾಗಾಗಿ ಬಂಟ್ವಾಳ ಮತ್ತು ಮೂಡುಬಿದಿರೆಯ ಪುರಸಭೆಗಳಿಗೆ, ಬೆಳ್ತಂಗಡಿಯ ಪಟ್ಟಣ ಪಂಚಾಯತಿಗೆ ಇರುವ ಹೊಣೆಯೇ ಮಾಣಿಯಂಥ ಗ್ರಾಮ ಪಂಚಾಯತಿಗೂ ಇದೆ. ಈ ಕಾಯ್ದೆಯಡಿ 2001ರಲ್ಲಿ ಮೊದಲ ಬಾರಿಗೆ ನಾಯಿಗಳ ಸಂತಾನ ನಿಯಂತ್ರಣ ನಿಯಮಗಳು ಬಂದವು. 2023ರ ಮಾರ್ಚ್‌ನಲ್ಲಿ ಅವುಗಳ ಜಾಗದಲ್ಲಿ ಹೊಸ ನಿಯಮಗಳು ಜಾರಿಯಾದವು. ಸಾಕುನಾಯಿಯ ಲಸಿಕೆ, ಸಂತಾನಹರಣ ಯಜಮಾನನ ಹೊಣೆ. ಬೀದಿನಾಯಿಯದು ಸ್ಥಳೀಯ ಸಂಸ್ಥೆಯ ಹೊಣೆ. ಬೀದಿನಾಯಿಯನ್ನು ನೋವಾಗದಂತೆ ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಕಿವಿಯಲ್ಲಿ ಗುರುತಿನ ಕಚ್ಚು ಮಾಡಿ, ಹಿಡಿದ ಜಾಗಕ್ಕೇ ಮರಳಿ ಬಿಡಬೇಕು. ಕೊಲ್ಲುವಂತಿಲ್ಲ, ಬೇರೆ ಊರಿಗೆ ಸಾಗಿಸುವಂತಿಲ್ಲ. ಹುಚ್ಚು ಹಿಡಿದ ನಾಯಿಯನ್ನು ಪ್ರತ್ಯೇಕವಾಗಿಟ್ಟು ತಾನಾಗಿ ಸಾಯುವವರೆಗೆ ಕಾಯಬೇಕು. ಕೆಲಸ ನಡೆಸುವ ಸಂಸ್ಥೆಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇರಬೇಕು.

ಇದಕ್ಕೆ ಬೇಕಾದ ಗೂಡುಗಳು, ಶಸ್ತ್ರಚಿಕಿತ್ಸಾ ಕೊಠಡಿ, ನಾಯಿ ಹಿಡಿಯಲು ಪಳಗಿದ ಜನ, ವಾಹನ, ಪಶುವೈದ್ಯರು ಒಂದು ಗ್ರಾಮ ಪಂಚಾಯತಿಯ ಅಳತೆಗೆ ಮೀರಿದ್ದು. ಮಂಗಳೂರಿನಲ್ಲಿ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಮಹಾನಗರ ಪಾಲಿಕೆಗಾಗಿ ಈ ಕೆಲಸ ಮಾಡಿದೆ. ಹಳ್ಳಿಗೆ ಅಂಥ ವ್ಯವಸ್ಥೆ ಬರಬೇಕಾದರೆ ಹಲವು ಪಂಚಾಯತಿಗಳು ಒಟ್ಟಾಗಬೇಕು. ನಿಯಮ ಬರೆದವರ ಕಣ್ಣ ಮುಂದೆ ನಗರವಿತ್ತು ಎಂಬುದು ಅದರ ಪ್ರತಿ ಪುಟದಲ್ಲೂ ಕಾಣುತ್ತದೆ: ನಾಯಿಗೆ ಅನ್ನ ಹಾಕುವ ಜಾಗವನ್ನು ನಿವಾಸಿಗಳ ಸಂಘ ಗುರುತಿಸಬೇಕಂತೆ. ತೋಟದಿಂದ ತೋಟಕ್ಕೆ ಕಾಲುದಾರಿಯಷ್ಟೇ ಇರುವ ಊರಿನಲ್ಲಿ ಆ ಸಂಘವನ್ನು ಹುಡುಕುವುದೇ ಒಂದು ಕೆಲಸವಾದೀತು.

ಹಳ್ಳಿಯ ಆಡಳಿತಕ್ಕೆ ಅಡ್ಡಾಡುವ ಪ್ರಾಣಿಗಳ ಅನುಭವ ಇಲ್ಲವೆಂದಲ್ಲ. ಬೆಳೆ ಮೇಯ್ದ ದನವನ್ನು ದೊಡ್ಡಿಗೆ ಹಾಕಿ, ಯಜಮಾನ ದಂಡ ಕಟ್ಟಿ ಬಿಡಿಸಿಕೊಳ್ಳುವ ಕ್ರಮಕ್ಕೆ ಆಧಾರವಾಗಿದ್ದ ಜಾನುವಾರು ಅತಿಕ್ರಮ ಕಾಯ್ದೆ 1871ರಷ್ಟು ಹಳೆಯದು. ಆ ಕಾಯ್ದೆಯಲ್ಲಿ ಜಾನುವಾರು ಎಂದರೆ ಯಾವುವು ಎಂಬ ಪಟ್ಟಿಯಲ್ಲಿ ಎಮ್ಮೆ, ಕುದುರೆ, ಕತ್ತೆ, ಹಂದಿ, ಕುರಿ, ಆಡುಗಳಷ್ಟೇ ಅಲ್ಲ, ಆನೆ ಮತ್ತು ಒಂಟೆಗಳೂ ಇವೆ. ನಾಯಿ ಇಲ್ಲ. ಒಂಟೆಗೂ ದೊಡ್ಡಿಯಲ್ಲಿ ಜಾಗ ಕಲ್ಪಿಸಿದ ಕಾನೂನು ಪ್ರತಿ ಅಂಗಳದಲ್ಲಿದ್ದ ಪ್ರಾಣಿಯನ್ನು ಬಿಟ್ಟುಬಿಟ್ಟಿತು. ದನಕ್ಕೆ ಬೆಲೆಯಿತ್ತು, ದಂಡ ಕಟ್ಟಿಯಾದರೂ ಬಿಡಿಸಿಕೊಳ್ಳುವವರಿದ್ದರು. ನಾಯಿಯನ್ನು ಬಿಡಿಸಿಕೊಳ್ಳಲು ಯಾರೂ ಬರುತ್ತಿರಲಿಲ್ಲ ಎಂಬುದೇ ಇದಕ್ಕೆ ಕಾರಣವಿದ್ದೀತು. ಶುಲ್ಕದ ಪ್ರಶ್ನೆಯನ್ನು ನೋಡುವಾಗ ಈ ಅಂಶ ಮತ್ತೆ ಎದುರಾಗುತ್ತದೆ.

ಮಾಣಿಯಿಂದ ದೂರವೇನೂ ಅಲ್ಲದ ಗಡಿಯಾಚೆ ಸ್ಥಿತಿ ಬೇರೆ. ವಿಟ್ಲ ದಾಟಿ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಪೈವಳಿಕೆಯ ಕಡೆಗೆ ಹೋದರೆ ಅಲ್ಲಿಯೂ ಅದೇ ತೋಟ, ಅದೇ ಗೂಡು, ಅದೇ ತುಳು–ಕನ್ನಡ ಮಾತು. ಆದರೆ ಅಲ್ಲಿಗೆ ಅನ್ವಯಿಸುವುದು 1998ರ ಕೇರಳ ಪಂಚಾಯತ್ ರಾಜ್ ಹಂದಿ ಮತ್ತು ನಾಯಿಗಳ ಲೈಸೆನ್ಸು ನಿಯಮಗಳು. ರೇಬೀಸ್ ಲಸಿಕೆಯ ಪ್ರಮಾಣಪತ್ರ ತೋರಿಸಿ ಗ್ರಾಮ ಪಂಚಾಯತಿಯಿಂದ ನಾಯಿಗೆ ಲೈಸೆನ್ಸು ಪಡೆಯಬೇಕೆಂದು ಅವು ಹೇಳುತ್ತವೆ. ಬೀದಿನಾಯಿಯ ಸಮಸ್ಯೆಯಿಂದ ಕೇರಳವನ್ನು ಅವು ಪಾರು ಮಾಡಿಲ್ಲ. ಕಡಿತಕ್ಕೊಳಗಾದವರ ಪರಿಹಾರದ ಅರ್ಜಿಗಳನ್ನು ಪರಿಶೀಲಿಸಲು 2016ರಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಸಿರಿಜಗನ್ ಸಮಿತಿಯನ್ನು ನೇಮಿಸಬೇಕಾಗಿ ಬಂದಿತ್ತು. ಕರ್ನಾಟಕದಲ್ಲಿ ನಾಯಿ ಲೈಸೆನ್ಸು ಎಂದೊಡನೆ ನೆನಪಾಗುವುದು ಬೆಂಗಳೂರು. ಅಲ್ಲಿ 2018ರಲ್ಲಿ, ಫ್ಲ್ಯಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ಎಂದು ಮಿತಿ ಹಾಕಿದ ಉಪನಿಯಮಗಳು ಬಂದು, ಆಕ್ಷೇಪಗಳ ನಡುವೆ ತಡೆಹಿಡಿಯಲ್ಪಟ್ಟವು. ಲೈಸೆನ್ಸಿರಲಿ ಬಿಡಲಿ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ವಿಧಿಯಡಿ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡವಿದೆ. ಆದರೆ ‘ಅದು ನನ್ನ ನಾಯಿಯಲ್ಲ’ ಎಂಬ ಒಂದು ಮಾತಿನ ಮುಂದೆ ಈ ವಿಧಿ ನಿಲ್ಲುವುದು ಕಷ್ಟ.

ಶುಲ್ಕಕ್ಕೂ ತೆರಿಗೆಗೂ ನಮ್ಮ ಕಾನೂನಿನಲ್ಲಿರುವ ವ್ಯತ್ಯಾಸದ ಮೂಲ ಈ ಕರಾವಳಿಯಲ್ಲೇ ಇದೆ. ಉಡುಪಿಯ ಶಿರೂರು ಮಠ ಮತ್ತು ಮದ್ರಾಸಿನ ಹಿಂದೂ ಧಾರ್ಮಿಕ ದತ್ತಿ ಆಯುಕ್ತರ ನಡುವಿನ ಮೊಕದ್ದಮೆಯಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು, ತೆರಿಗೆ ಕೊಟ್ಟವನು ಅದಕ್ಕೆ ಪ್ರತಿಯಾಗಿ ಇಂಥದ್ದೇ ಬೇಕೆಂದು ಕೇಳುವಂತಿಲ್ಲ, ಶುಲ್ಕವಾದರೋ ಒಂದು ನಿರ್ದಿಷ್ಟ ಸೇವೆಯ ಬಾಬ್ತು ಪಡೆಯುವಂಥದ್ದು ಎಂದು ವಿವರಿಸಿತು. ಮುಂದಿನ ತೀರ್ಪುಗಳು ಈ ಕಟ್ಟನ್ನು ಸಡಿಲಿಸಿದರೂ ವಿಚಾರ ಉಳಿದಿದೆ. ನಾಯಿಯ ಶುಲ್ಕವನ್ನು ಈ ಬೆಳಕಿನಲ್ಲಿ ನೋಡಿದರೆ, ಆ ಹಣಕ್ಕೆ ಪ್ರತಿಯಾಗಿ ಲಸಿಕೆಯೋ ಬಿಲ್ಲೆಯೋ ದಾಖಲೆಯೋ ನಾಯಿಗೆ ಸಿಗಬೇಕು. ಏನೂ ಸಿಗದಿದ್ದರೆ ಅದು ಶುಲ್ಕದ ವೇಷದ ತೆರಿಗೆ.

ನಾಯಿ ತೆರಿಗೆಯ ಚರಿತ್ರೆ ಸಾಕಷ್ಟು ಉದ್ದವಾಗಿದೆ. ಬ್ರಿಟನ್ 1796ರಲ್ಲಿ ಅದನ್ನು ಹೇರಿತು. ಅಲ್ಲಿ ಮುಂದೆ ಲೈಸೆನ್ಸಾಗಿ ಮಾರ್ಪಟ್ಟ ಅದರ ಮೊತ್ತ ನೂರು ವರ್ಷಕ್ಕೂ ಹೆಚ್ಚು ಕಾಲ ಬದಲಾಗದೆ, ವಸೂಲಿಯ ಖರ್ಚೇ ಆದಾಯವನ್ನು ಮೀರಿ, 1987ರಲ್ಲಿ ರದ್ದಾಗುವಾಗ 37 ಪೆನ್ಸ್ ಆಗಿತ್ತು. ನ್ಯೂಜಿಲೆಂಡಿನ ಹೊಕಿಯಾಂಗದಲ್ಲಿ 1898ರಲ್ಲಿ ಹೋನೆ ತೋಯಿಯ ಎಂಬ ಮಾವೊರಿ ನಾಯಕನ ಮುಂದಾಳುತನದಲ್ಲಿ ಜನ ನಾಯಿ ತೆರಿಗೆ ಕೊಡಲು ನಿರಾಕರಿಸಿ ಬಂದೂಕು ಹಿಡಿದರು, ಸರ್ಕಾರ ಸೈನ್ಯ ಕಳಿಸಿತು. ಬೇಟೆಗೂ ಕಾವಲಿಗೂ ಬೇಕಾದ ನಾಯಿಯ ಮೇಲೆ, ಯಾವ ಸೇವೆಯನ್ನೂ ಕೊಡದ ದೂರದ ಸರ್ಕಾರ ಹಣ ಕೇಳುವುದು ಅವರಿಗೆ ಅನ್ಯಾಯವಾಗಿ ಕಂಡಿತ್ತು. ಅದೇ ದೇಶದ ಸ್ಥಳೀಯ ಮಂಡಳಿಗಳು ಈಗ ಪ್ರತಿ ವರ್ಷ ನಾಯಿಗಳನ್ನು ನೋಂದಾಯಿಸಿಕೊಳ್ಳುತ್ತವೆ, ಮತ್ತು ಹಲವೆಡೆ ಸಂತಾನಹರಣವಾದ ನಾಯಿಗೆ ಶುಲ್ಕ ಕಡಿಮೆ. ಜರ್ಮನಿಯ ನಗರಗಳು ನಾಯಿ ತೆರಿಗೆಯಿಂದ ವರ್ಷಕ್ಕೆ 40 ಕೋಟಿ ಯೂರೋಗೂ ಹೆಚ್ಚು ಗಳಿಸುತ್ತವೆ. ಎರಡನೆಯ ನಾಯಿಗೆ ಮೊದಲನೆಯದಕ್ಕಿಂತ ಹೆಚ್ಚು ದರ ವಿಧಿಸುವ ಊರುಗಳು ಅನೇಕ. ಈ ದೇಶಗಳಲ್ಲಿ ನಾಯಿಗೆ ಯಜಮಾನನಿಲ್ಲದ ಸ್ಥಿತಿಯೇ ಅಪರೂಪ. ಅಲ್ಲಿಯ ದರಪಟ್ಟಿಯನ್ನು ಹಾಗೆಯೇ ತಂದು ಇಲ್ಲಿ ತೂಗುಹಾಕುವಂತಿಲ್ಲ.

ಭಾರತದಲ್ಲಿ ವಸಾಹತು ಆಡಳಿತ ಹಿಡಿದದ್ದು ಕೊಲ್ಲುವ ದಾರಿ. ಕೊಂದ ಪ್ರತಿ ನಾಯಿಗೂ ಇನಾಮು ಕೊಟ್ಟಾಗ ಹಿಡಿಯುವವರು ಮನೆಯಂಗಳದ ನಾಯಿಯನ್ನೂ ಬಿಡಲಿಲ್ಲ. 1832ರಲ್ಲಿ ಮುಂಬಯಿಯ ಪಾರ್ಸಿಗಳು ಮುಂದಾಗಿ ನಡೆಸಿದ ಗಲಭೆಗೆ ಇದೇ ಕಾರಣ. ದಕ್ಷಿಣ ಕನ್ನಡ 1956ರವರೆಗೆ ಸೇರಿದ್ದ ಮದ್ರಾಸು ಪ್ರಾಂತ್ಯದ ರಾಜಧಾನಿಯಲ್ಲಿ ನಾಯಿ ಕೊಲ್ಲುವ ಕೆಲಸ ಹತ್ತೊಂಬತ್ತನೆಯ ಶತಮಾನದಲ್ಲೇ ಆರಂಭವಾಗಿತ್ತು. ಪ್ರಾಣಿದಯಾ ಸಂಸ್ಥೆಯಾದ ಬ್ಲೂ ಕ್ರಾಸ್ ಆಫ್ ಇಂಡಿಯಾ ಹೇಳುವಂತೆ 1996ರ ಹೊತ್ತಿಗೆ ಅಲ್ಲಿ ದಿನಕ್ಕೆ ಸುಮಾರು 135 ನಾಯಿಗಳು ಸಾಯುತ್ತಿದ್ದವು, ಅದಕ್ಕೂ ಮೊದಲು ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಈ ಚರ್ಮದಿಂದ ಟೈ ಮಾಡಬಹುದೇ ಎಂದು ನೋಡುವ ಮಟ್ಟಕ್ಕೆ ಸಂಖ್ಯೆ ಬೆಳೆದಿತ್ತು. ಇಷ್ಟು ದೀರ್ಘ ಕಾಲ ಕೊಂದರೂ ನಾಯಿ ಕಡಿಮೆಯಾಗಲಿಲ್ಲ, ರೇಬೀಸ್ ಕೂಡ ಕಡಿಮೆಯಾಗಲಿಲ್ಲ. ನಿಯಮ ಬದಲಾದದ್ದರ ಹಿಂದೆ ದಯೆಯಷ್ಟೇ ಈ ಸೋಲಿನ ಲೆಕ್ಕವೂ ಇತ್ತು.

ಸೋಲಿಗೆ ಕಾರಣ ಪರಿಸರವಿಜ್ಞಾನದಲ್ಲಿದೆ. ಒಂದು ಜಾಗದಲ್ಲಿ ಎಷ್ಟು ನಾಯಿ ಬದುಕಬಲ್ಲವು ಎಂಬುದನ್ನು ಅಲ್ಲಿಯ ಆಹಾರ ಮತ್ತು ಆಸರೆ ನಿರ್ಧರಿಸುತ್ತವೆ. ಇದಕ್ಕೆ ಧಾರಣಶಕ್ತಿ ಎಂದು ಹೆಸರು. ಕೋಳಿ ಅಂಗಡಿಯ ತ್ಯಾಜ್ಯ, ಮೀನಿನ ಕರುಳು, ಮದುವೆ ಮಂಟಪದ ಎಂಜಲು ಇದ್ದಷ್ಟು ದಿನ ಆ ಶಕ್ತಿ ಕುಗ್ಗುವುದಿಲ್ಲ. ಸಹಜ ಸ್ಥಿತಿಯಲ್ಲಿ ಮರಿಗಳ ಸಾವು ಅಪಾರ: ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ 364 ಮರಿಗಳನ್ನು ಹಿಂಬಾಲಿಸಿದಾಗ ಏಳು ತಿಂಗಳು ದಾಟಿ ಉಳಿದವು ನೂರಕ್ಕೆ 19 ಮಾತ್ರ. ಸುಮಾರು 63 ದಿನಗಳ ಗರ್ಭದ ಬಳಿಕ ನಾಲ್ಕಾರು ಮರಿ ಹಾಕುವ ಪ್ರಾಣಿಗೆ ಈ ಸಾವಿನ ಪ್ರಮಾಣ ಸ್ವಲ್ಪ ಇಳಿದರೂ ಖಾಲಿ ಜಾಗ ತುಂಬಲು ಸಾಕು. ದೊಡ್ಡ ನಾಯಿಗಳನ್ನು ಕೊಂದಾಗ ಉಳಿದ ಮರಿಗಳ ಪಾಲಿನ ಆಹಾರ ಹೆಚ್ಚುತ್ತದೆ, ಹೊರಗಿನ ನಾಯಿಗಳು ಒಳಬರುತ್ತವೆ. ಕರಾವಳಿಯಲ್ಲಿ ಇದಕ್ಕೊಂದು ಹೆಚ್ಚುವರಿ ಮೂಲವೂ ಇದೆ. ಗೂಡಿಗೆ ಬೇಕಾದದ್ದು ಗಂಡುನಾಯಿ. ಹೆಣ್ಣು ಮರಿಗಳನ್ನು ಚೀಲದಲ್ಲಿ ತುಂಬಿ ಪೇಟೆಯ ಬದಿಯಲ್ಲೋ ಮೀನು ಮಾರುಕಟ್ಟೆಯ ಹಿಂದೆಯೋ ಬಿಟ್ಟುಬರುವುದು ಎಲ್ಲರಿಗೂ ಗೊತ್ತಿರುವ, ಯಾರೂ ಒಪ್ಪಿಕೊಳ್ಳದ ರೂಢಿ. ಪೇಟೆಯ ಬೀದಿನಾಯಿಯ ತವರು ಎಷ್ಟೋ ಬಾರಿ ತೋಟದ ಮನೆಯೇ.

ಇಷ್ಟೆಲ್ಲ ಕಾಳಜಿಯ ಕೇಂದ್ರದಲ್ಲಿರುವ ವೈರಾಣು ತೀರ ಸರಳವಾದ ವಸ್ತು. ಗುಂಡಿನ ಆಕಾರದ ಅದರ ಉದ್ದ ಸುಮಾರು ಒಂದು ಮಿಲಿಮೀಟರಿನ ಐದು ಸಾವಿರದಲ್ಲೊಂದು ಭಾಗ. ಒಳಗೆ ಸುಮಾರು 12,000 ಅಕ್ಷರಗಳ ಆರ್‌ಎನ್‌ಎ ಎಳೆ, ಅದರಲ್ಲಿ ಕೇವಲ ಐದು ಪ್ರೋಟೀನುಗಳ ಮಾಹಿತಿ. ಕಚ್ಚಿದ ಜಾಗದಲ್ಲಿ ಸ್ನಾಯುವಿನಿಂದ ನರದ ತುದಿಯನ್ನು ಸೇರುವ ಅದು, ನರಕೋಶವು ತನ್ನ ಒಳಸಾಗಣೆಗೆ ಇಟ್ಟುಕೊಂಡ ವ್ಯವಸ್ಥೆಯನ್ನೇ ಬಳಸಿಕೊಂಡು ಮಿದುಳಿನತ್ತ ಏರುತ್ತದೆ. ರಕ್ತದಲ್ಲಿ ಹರಡದ ಕಾರಣ ದೇಹದ ರೋಗನಿರೋಧ ವ್ಯವಸ್ಥೆಗೆ ಸುಳಿವು ಸಿಗುವುದಿಲ್ಲ. ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಕಾಣಿಸಿದ ಮೇಲೆ ಸಾವು ಹೆಚ್ಚುಕಡಿಮೆ ಖಚಿತ. ಮಿದುಳಿನಿಂದ ಅದು ಜೊಲ್ಲುಗ್ರಂಥಿಗೆ ಇಳಿಯುತ್ತದೆ, ಮತ್ತು ಅದೇ ಹೊತ್ತಿಗೆ ನಾಯಿಯ ವರ್ತನೆ ಕೆರಳಿ ಕಚ್ಚುವ ಸ್ವಭಾವ ಬರುತ್ತದೆ. ಐದು ಪ್ರೋಟೀನುಗಳ ಒಂದು ಕಣ ತನ್ನ ಮುಂದಿನ ಪಯಣಕ್ಕಾಗಿ ಇಡೀ ಪ್ರಾಣಿಯ ನಡತೆಯನ್ನೇ ತಿರುಗಿಸುವುದನ್ನು ಕಂಡಾಗ ಭಯದ ಜೊತೆಗೆ ಬೆರಗೂ ಹುಟ್ಟುತ್ತದೆ. ಜೊಲ್ಲಿನಲ್ಲಿ ವೈರಾಣು ಬಂದ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ; ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕು ಎಂಬ ವೈದ್ಯರ ಸೂಚನೆಯ ಆಧಾರ ಇದು. ಕಚ್ಚಿಸಿಕೊಂಡವರ ಚಿಕಿತ್ಸೆ ಮಾತ್ರ ಆ ಹತ್ತು ದಿನಕ್ಕೆ ಕಾಯುವುದಿಲ್ಲ: ಗಾಯವನ್ನು ಸಾಬೂನಿನಿಂದ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯುವುದು, ಲಸಿಕೆ, ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೂಡಲೇ ಆಗಬೇಕು.

ವಿಜ್ಞಾನಿ ಲೂಯಿ ಪ್ಯಾಸ್ಟರ್ 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಲಸಿಕೆ ಕೊಟ್ಟಾಗಿನಿಂದ ಈ ಸಾವನ್ನು ತಡೆಯುವುದು ಸಾಧ್ಯವಿದೆ. ದಕ್ಷಿಣ ಭಾರತಕ್ಕಾಗಿ ಕೂನೂರಿನ ಪ್ಯಾಸ್ಟರ್ ಸಂಸ್ಥೆ 1907ರಲ್ಲಿ ಆರಂಭವಾಯಿತು. ಕುರಿಯ ಮಿದುಳಿನಿಂದ ತಯಾರಾಗಿ ಹೊಟ್ಟೆಗೆ ಚುಚ್ಚುತ್ತಿದ್ದ ಸೆಂಪಲ್ ಲಸಿಕೆಯ ನೆನಪು ಹಳಬರಿಗಿದೆ; ಭಾರತದಲ್ಲಿ ಅದು 2004ರಲ್ಲಿ ನಿಂತಿತು. ಆದರೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 15 ರಾಜ್ಯಗಳಲ್ಲಿ 2022–23ರಲ್ಲಿ ನಡೆಸಿದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತಗಳು, 5,700ರಷ್ಟು ರೇಬೀಸ್ ಸಾವುಗಳು ಸಂಭವಿಸುತ್ತವೆ. ಕಡಿತಗಳಲ್ಲಿ ನಾಲ್ಕನೇ ಮೂರು ಭಾಗ ನಾಯಿಯದು. ಕರ್ನಾಟಕವು 2022ರ ಡಿಸೆಂಬರ್‌ನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು.

ಮನುಷ್ಯರಿಗೆ ಲಸಿಕೆ ಹಾಕುತ್ತ ಹೋದರೆ ರೋಗದ ಮೂಲ ಒಣಗುವುದಿಲ್ಲ, ಏಕೆಂದರೆ ಸರಪಳಿ ಸಾಗುವುದು ನಾಯಿಯಿಂದ ನಾಯಿಗೆ. ಈ ಸರಪಳಿಯ ಬಲವನ್ನು ಅಳೆಯಲು ಸೋಂಕುಶಾಸ್ತ್ರದಲ್ಲಿ ಮೂಲ ಪ್ರಸರಣ ಸಂಖ್ಯೆ ಎಂಬ ಅಳತೆಯಿದೆ: ರೋಗ ಹಿಡಿದ ಒಂದು ಪ್ರಾಣಿ, ಲಸಿಕೆಯೇ ಇಲ್ಲದ ಗುಂಪಿನಲ್ಲಿ ಸರಾಸರಿ ಎಷ್ಟು ಪ್ರಾಣಿಗಳಿಗೆ ರೋಗ ದಾಟಿಸುತ್ತದೆ ಎಂಬ ಸಂಖ್ಯೆ. ದಡಾರದಲ್ಲಿ ಅದು 12ರಿಂದ 18. ನಾಯಿಯ ರೇಬೀಸಿನಲ್ಲಿ, ಟಾಂಜಾನಿಯದ ಸೆರೆಂಗೆಟಿ ಸುತ್ತಲಿನ ಹಳ್ಳಿಗಳ ದಾಖಲೆಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನ ಸೇರಿದಂತೆ ಹಲವು ಲೆಕ್ಕಗಳ ಪ್ರಕಾರ, 1 ಮತ್ತು 2ರ ನಡುವೆ. ಇಷ್ಟು ಭೀಕರವಾದ ರೋಗ ಹರಡುವುದರಲ್ಲಿ ಇಷ್ಟು ದುರ್ಬಲ ಎಂಬುದು ಮೊದಲ ಬಾರಿ ಕೇಳಿದಾಗ ನಂಬಿಕೆಗೆ ಬರುವುದಿಲ್ಲ. ಆ ಸಂಖ್ಯೆ 1.5 ಎಂದಾದರೆ, ಮೂರರಲ್ಲಿ ಒಂದು ನಾಯಿಗೆ ರೋಗನಿರೋಧ ಇದ್ದರೂ ಸರಪಳಿ ತುಂಡಾಗುತ್ತದೆ. ಸಾಮೂಹಿಕ ರೋಗನಿರೋಧ ಅಥವಾ ಹರ್ಡ್ ಇಮ್ಯುನಿಟಿ ಎಂದು ಕರೆಯುವುದು ಇದನ್ನೇ.

ಹಾಗಿದ್ದರೆ ನೂರಕ್ಕೆ 70 ನಾಯಿಗಳಿಗೆ ಲಸಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೇಕೆ? ಉತ್ತರ ನಾಯಿಯ ಅಲ್ಪಾಯುಷ್ಯದಲ್ಲಿದೆ. ಒಂದು ಊರಿನ ನೂರು ನಾಯಿಗಳಲ್ಲಿ 70ಕ್ಕೆ ಈ ಸೆಪ್ಟೆಂಬರ್‌ನಲ್ಲಿ ಲಸಿಕೆಯಾಯಿತು ಎಂದಿಟ್ಟುಕೊಳ್ಳಬಹುದು. ವಾಹನಕ್ಕೆ ಸಿಕ್ಕಿ, ಚಿರತೆಯ ಪಾಲಾಗಿ, ಕಾಯಿಲೆ ಬಂದು ವರ್ಷದೊಳಗೆ ನಲವತ್ತು ನಾಯಿ ಸತ್ತು, ಆ ಜಾಗಕ್ಕೆ ಲಸಿಕೆಯಿಲ್ಲದ ನಲವತ್ತು ಮರಿಗಳು ಬಂದರೆ, ಮುಂದಿನ ಸೆಪ್ಟೆಂಬರ್‌ಗೆ ಉಳಿದ ರಕ್ಷಿತ ನಾಯಿಗಳು 42. ಮೂರನೇ ಒಂದು ಭಾಗದ ಗೆರೆಗಿಂತ ಅದು ಇನ್ನೂ ಮೇಲೆ. ಆರಂಭದಲ್ಲಿ 50ಕ್ಕಷ್ಟೇ ಲಸಿಕೆಯಾಗಿದ್ದರೆ ಉಳಿಯುವುದು 30, ಗೆರೆಯ ಕೆಳಗೆ. 70 ಮತ್ತು 50ರ ನಡುವಿನ ಆ ಇಪ್ಪತ್ತು ನಾಯಿಗಳಲ್ಲಿ ರೋಗ ಆರುವುದೋ ಉರಿಯುವುದೋ ಎಂಬುದು ತೀರ್ಮಾನವಾಗುತ್ತದೆ. ಸಂತಾನಹರಣವೂ ಈ ಲೆಕ್ಕಕ್ಕೆ ನೆರವಾಗುತ್ತದೆ, ಏಕೆಂದರೆ ಮರಿ ಕಡಿಮೆಯಾದಷ್ಟೂ ಲಸಿಕೆ ಪಡೆದ ನಾಯಿಗಳ ಪ್ರಮಾಣ ನಿಧಾನವಾಗಿ ಕರಗುತ್ತದೆ. ಲಸಿಕೆ ಪಡೆದ ನಾಯಿಯನ್ನು ಕೊಲ್ಲುವುದು ಅಥವಾ ಸಾಗಿಸುವುದು ಈ ದೃಷ್ಟಿಯಿಂದ ಹಾಕಿದ ಲಸಿಕೆಯನ್ನೇ ಹೊರಗೆ ಚೆಲ್ಲಿದಂತೆ.

ಇಲ್ಲಿ ಒಂದು ತೊಡಕಿದೆ. ನೂರಕ್ಕೆ 70 ಎನ್ನಲು ನೂರು ಎಷ್ಟೆಂದು ಗೊತ್ತಿರಬೇಕು. ಲಸಿಕಾ ಶಿಬಿರದ ವರದಿಯಲ್ಲಿ ಎಷ್ಟು ಚುಚ್ಚುಮದ್ದು ಹಾಕಲಾಯಿತು ಎಂಬ ಸಂಖ್ಯೆ ಇರುತ್ತದೆ. ಭಿನ್ನರಾಶಿಯ ಅಂಶ ಅದು. ಛೇದ, ಅಂದರೆ ಊರಿನ ಒಟ್ಟು ನಾಯಿಗಳು, ಬಹುತೇಕ ಕಡೆ ಖಾಲಿ. 2019ರ ಜಾನುವಾರು ಗಣತಿ ಕರ್ನಾಟಕದಲ್ಲಿ ಸುಮಾರು 11.4 ಲಕ್ಷ ಬೀದಿನಾಯಿಗಳಿವೆ ಎಂದಿತು. ಒಂದು ಪಂಚಾಯತಿಯ ಲಸಿಕೆಯ ಯೋಜನೆಗೆ ಆ ಸಂಖ್ಯೆಯಿಂದ ಏನೂ ಸಿಗುವುದಿಲ್ಲ. ಬೀದಿನಾಯಿಯನ್ನು ಎಣಿಸಲು ಪ್ರಾಣಿಶಾಸ್ತ್ರಜ್ಞರು ಗುರುತು–ಮರುದರ್ಶನ ವಿಧಾನವನ್ನು ಬಳಸುತ್ತಾರೆ. ಮೊದಲ ದಿನ ಕಂಡ 40 ನಾಯಿಗಳಿಗೆ ಬಣ್ಣದ ಗುರುತು ಹಾಕಿ, ಮರುದಿನ ಅದೇ ದಾರಿಯಲ್ಲಿ ಹೋದಾಗ ಕಂಡ 50ರಲ್ಲಿ 20ಕ್ಕೆ ಗುರುತಿದ್ದರೆ, ಕಂಡವುಗಳಲ್ಲಿ ಐದರಲ್ಲಿ ಎರಡು ಭಾಗ ಗುರುತಿನವು. ಹಾಗಾದರೆ ಆ 40 ಇಡೀ ಗುಂಪಿನ ಐದರಲ್ಲಿ ಎರಡು ಭಾಗ, ಗುಂಪು ಸುಮಾರು 100. ಕಾಣದ ನಾಯಿಗಳನ್ನೂ ಕಂಡವುಗಳ ಮೂಲಕ ಎಣಿಸುವ ಈ ಉಪಾಯಕ್ಕೆ ಖರ್ಚು ಕಡಿಮೆ, ಸೊಗಸು ಹೆಚ್ಚು. ಬೆಂಗಳೂರಿನಲ್ಲಿ 2023ರಲ್ಲಿ ಪಶುರೋಗಗಳ ಸೋಂಕುಶಾಸ್ತ್ರವನ್ನು ಅಧ್ಯಯನ ಮಾಡುವ ಯಲಹಂಕದ ನಿವೇದಿ ಸಂಸ್ಥೆಯ ನೆರವಿನಿಂದ ನಡೆದ ಸಮೀಕ್ಷೆ ನಾಯಿಗಳ ಸಂಖ್ಯೆಯನ್ನು 2.79 ಲಕ್ಷ ಎಂದು ಅಂದಾಜಿಸಿತು; 2019ರಲ್ಲಿ ಅದು 3.1 ಲಕ್ಷವಿತ್ತು. ಸಂತಾನಹರಣವಾದ ನಾಯಿಗಳ ಪ್ರಮಾಣ ನೂರಕ್ಕೆ 51ರಿಂದ ಸುಮಾರು 72ಕ್ಕೆ ಏರಿತ್ತು, ಮತ್ತು ಅದನ್ನು ತಿಳಿಸಿದ್ದು ಕಿವಿಯ ಕಚ್ಚು.

ಆದರೆ ಈ ವಿಧಾನ ಬೀದಿಗೆ ಹೊಂದುವಂಥದ್ದು. ಗೂಡಿನೊಳಗಿನ ನಾಯಿ ಹಗಲಿನ ಎಣಿಕೆಗೆ ಕಾಣುವುದಿಲ್ಲ, ರಾತ್ರಿ ಎಣಿಸುವವರು ತೋಟಕ್ಕೆ ಹೋಗುವುದಿಲ್ಲ. ಮಾಣಿಯಂಥ ಊರಿನ ಛೇದದ ದೊಡ್ಡ ಪಾಲು ಈ ಗೂಡುಗಳಲ್ಲಿದೆ. ಲೈಸೆನ್ಸಿನ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ: ಅದು ಪಂಚಾಯತಿಗೆ ತರುವ ಹಣ ಅಲ್ಪ, ಕೊಡುವ ಸಂಖ್ಯೆ ಅಮೂಲ್ಯ. ಶುಲ್ಕವನ್ನು ಆದಾಯವೆಂದು ಭಾವಿಸಿ ಏರಿಸಿದರೆ ಈ ಸಂಖ್ಯೆ ಕೈತಪ್ಪುತ್ತದೆ, ಏಕೆಂದರೆ ಸರಪಳಿ ಬಿಚ್ಚಿದರೆ ಯಜಮಾನಿಕೆ ಮುಗಿಯುವ ಊರಿನಲ್ಲಿ ಶುಲ್ಕವನ್ನು ತಪ್ಪಿಸಿಕೊಳ್ಳಲು ಬೇರೇನೂ ಮಾಡಬೇಕಿಲ್ಲ. ದೊಡ್ಡಿಗೆ ದನವನ್ನು ಹುಡುಕಿಕೊಂಡು ಬಂದಂತೆ ನಾಯಿಯನ್ನು ಹುಡುಕಿಕೊಂಡು ಜನ ಬರುವುದಿಲ್ಲ. ದುಬಾರಿ ಲೈಸೆನ್ಸು ಸಾಕುನಾಯಿಯನ್ನು ಬೀದಿನಾಯಿಯಾಗಿಸುವ ಯಂತ್ರವಾದೀತು. ಆದ್ದರಿಂದ ನೋಂದಣಿಗೆ ಹಣ ಬೇಡ, ಬಂದವರಿಗೆ ಲಸಿಕೆ ಉಚಿತ, ಸಂತಾನಹರಣವಾದ ಹೆಣ್ಣುನಾಯಿಗೆ ಎಂದೆಂದೂ ಶುಲ್ಕವಿಲ್ಲ ಎಂಬ ಕ್ರಮವೇ ಈ ನೆಲಕ್ಕೆ ಸರಿಯೆಂದು ತೋರುತ್ತದೆ. ಶುಲ್ಕ ಬೇಕೇಬೇಕೆಂದರೆ ಅದನ್ನು ಮರಿ ಮಾರುವ ವ್ಯಾಪಾರದ ಮೇಲೆ ಹಾಕಬಹುದು. ಅಲ್ಲಿ ಯಜಮಾನಿಕೆಯನ್ನು ಅಲ್ಲಗಳೆಯುವುದು ಸುಲಭವಲ್ಲ.

ಗಣಿತ ಕಾಗದದಲ್ಲಷ್ಟೇ ನಿಲ್ಲುವುದಿಲ್ಲ ಎಂಬುದಕ್ಕೆ ಇದೇ ಕರಾವಳಿಯ ಉತ್ತರಕ್ಕೆ ಗೋವಾ ಇದೆ. ಮಿಷನ್ ರೇಬೀಸ್ ಸಂಸ್ಥೆಯೊಂದಿಗೆ ಸರ್ಕಾರ ಅಲ್ಲಿ ಮನೆಮನೆಗೆ, ಬೀದಿಬೀದಿಗೆ ಹೋಗಿ ವರ್ಷಕ್ಕೆ ಲಕ್ಷದ ಹತ್ತಿರ ನಾಯಿಗಳಿಗೆ ಲಸಿಕೆ ಹಾಕಿತು. ಕೈಗೆ ಸಿಗುವ ಸಾಕುನಾಯಿಯನ್ನು ಕೈಯಲ್ಲಿ, ಸಿಗದ ಬೀದಿನಾಯಿಯನ್ನು ಬಲೆಯಲ್ಲಿ ಹಿಡಿದು, ಚುಚ್ಚಿ, ಬಣ್ಣದ ಗುರುತು ಹಾಕಿ, ನಿಂತಲ್ಲೇ ಬಿಟ್ಟರು. ಪ್ರತಿಯೊಂದರ ಜಾಗವೂ ಮೊಬೈಲಿನಲ್ಲಿ ದಾಖಲಾಯಿತು. 2022ರಲ್ಲಿ ಪ್ರಕಟವಾದ ವರದಿಯಂತೆ ನಾಯಿಗಳ ರೇಬೀಸ್ ನೂರಕ್ಕೆ 92ರಷ್ಟು ಇಳಿದಿತ್ತು. 2018ರಿಂದ ಹಲವು ವರ್ಷ ಅಲ್ಲಿ ಒಬ್ಬ ಮನುಷ್ಯನೂ ಈ ರೋಗದಿಂದ ಸಾಯಲಿಲ್ಲ. ಸಾಕಿದ್ದು, ಸಾಕದ್ದು ಎಂಬ ಭೇದವನ್ನು ಲಸಿಕೆಯ ತಂಡ ಮಾಡಲಿಲ್ಲ.

ಈಗ ಚರ್ಚೆ ಬೇರೆಡೆಗೆ ಹೊರಳಿದೆ. ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರಂದು, ಸಂತಾನಹರಣ ಮತ್ತು ಲಸಿಕೆಯಾದ ನಾಯಿಗಳನ್ನು, ರೇಬೀಸ್ ಇರುವ ಮತ್ತು ಆಕ್ರಮಣಕಾರಿಯಾದವನ್ನು ಬಿಟ್ಟು, ಹಿಡಿದಲ್ಲೇ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಹಿಡಿದವನ್ನು ಆಶ್ರಯತಾಣಕ್ಕೆ ಸಾಗಿಸಬೇಕು, ಅಲ್ಲಿಗೇ ಮರಳಿ ಬಿಡಬಾರದು ಎಂದಿತು. ಶಾಲೆಯ ಆವರಣದಲ್ಲಿ ಮಕ್ಕಳ ಸುರಕ್ಷೆ ಮೊದಲು ಎಂಬುದರಲ್ಲಿ ತಕರಾರಿಲ್ಲ. ಆದರೆ ಜಂಕ್ಷನ್ನಿನ ಊರಿನಲ್ಲಿ ಬಸ್ಸು ನಿಲ್ಲುವ ಜಾಗಕ್ಕೂ ಮೀನಂಗಡಿಗೂ ತೋಟದ ದಾರಿಗೂ ನಡುವೆ ಬೇಲಿ ಇರುವುದಿಲ್ಲ. ಲಸಿಕೆಯಾದ ನಾಯಿಗಳು ಹೋದ ಜಾಗಕ್ಕೆ ಲಸಿಕೆಯಾಗದವು ಬರುವುದನ್ನು ತಡೆಯುವ ವ್ಯವಸ್ಥೆಯೂ ಅದೇ ಆದೇಶದೊಂದಿಗೆ ಹೋಗಬೇಕು. ತ್ಯಾಜ್ಯದ ವಿಲೇವಾರಿಯಾಗದೆ ಅದು ಆಗುವಂಥದ್ದಲ್ಲ.

ಕೊನೆಗೆ ಒಂದು ಪಂಚಾಂಗದ ವಿಷಯ. ಪ್ಯಾಸ್ಟರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವೆಂದು 2007ರಿಂದ ಆಚರಿಸುತ್ತಾರೆ, ಪಶು ಆಸ್ಪತ್ರೆಗಳ ಉಚಿತ ಲಸಿಕಾ ಶಿಬಿರಗಳೂ ಅದರ ಆಸುಪಾಸಿನಲ್ಲೇ ನಡೆಯುತ್ತವೆ. ಬಂಗಾಳದ ಅಧ್ಯಯನಗಳಲ್ಲಿ ಬೀದಿನಾಯಿಗಳು ಮರಿ ಹಾಕುವ ಕಾಲ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ; ಕಾರ್ತಿಕದಲ್ಲಿ ಬೆದೆಗೆ ಬಂದ ನಾಯಿಗಳ ಗದ್ದಲವನ್ನು ಬಲ್ಲ ನಮ್ಮ ಕಡೆಯವರಿಗೆ ಇದು ಹೊಸ ವಿಷಯವಲ್ಲ. ಮರಿಗೆ ಲಸಿಕೆ ಹಾಕುವ ರೂಢಿ ಮೂರು ತಿಂಗಳಾದ ಮೇಲೆ. ಅಂದರೆ ಶಿಬಿರ ಮುಗಿದ ಮೇಲೆ ಹುಟ್ಟಿದ ಮರಿ, ಮುಂದಿನ ಶಿಬಿರದವರೆಗೆ ಬೆಳೆದು, ತಿರುಗಾಡಿ, ಕಚ್ಚಾಡಿ ಎಂಟು ಹತ್ತು ತಿಂಗಳು ಲಸಿಕೆಯಿಲ್ಲದೆ ಕಳೆಯುತ್ತದೆ. ಸಾಮೂಹಿಕ ಲಸಿಕೆಯಲ್ಲಿ ಮೂರು ತಿಂಗಳೊಳಗಿನ ಮರಿಗಳನ್ನೂ ಬಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿರುವುದು ಇದಕ್ಕಾಗಿಯೇ. ಅಡಿಕೆ ಕೊಯ್ಲು ಮುಗಿದು ಮಳೆ ಇನ್ನೂ ಬಾರದ ಮಾರ್ಚ್–ಏಪ್ರಿಲ್‌ನಲ್ಲಿ, ತೋಟದ ದಾರಿಗಳಲ್ಲಿ ಜೀಪು ಓಡಬಲ್ಲ ಹೊತ್ತಿನಲ್ಲಿ, ಎರಡನೆಯ ಸುತ್ತೊಂದನ್ನು ಇಟ್ಟುಕೊಂಡರೆ ಆ ವರ್ಷದ ಮರಿಗಳಲ್ಲಿ ಬದುಕುಳಿದ ಬಹುಪಾಲು ಅದರ ಲೆಕ್ಕಕ್ಕೆ ಸಿಗುತ್ತವೆ, ಚೀಲ ಸೇರುವ ಮೊದಲು ಹೆಣ್ಣು ಮರಿಗಳೂ.